ಬಿ ಸೆಕ್ಷನ್ನಿಗೆ ಹಠ ಹಿಡಿದದ್ದು

ಇಂಟರ್‌ಮೀಡಿಯೆಟ್‌ಗೆ ಸೇರಿಸಲು ನಾಯಂಡಹಳ್ಳಿಯಿಂದ ನನ್ನನ್ನು ಕರೆದುಕೊಂಡು ಹೋದವರು ದೊಡ್ಡಪ್ಪ. ಮನೆಗೆ ಅವರೇ ಯಜಮಾನರು. ಅವರಿದ್ದ ಕಡೆ ಅಪ್ಪನೇ ಬಾಯಿ ಬಿಡುತ್ತಿರಲಿಲ್ಲ, ಇನ್ನು ನಾನು ಯಾವ ಲೆಕ್ಕ. "ಒಂದು ಸಲ ಫೇಲಾದ್ರೂ ಮದುವೆ ಮಾಡಿ ಕಳಿಸ್ತೀನಿ" ಎಂದು ಹೊರಡುವಾಗಲೇ ಹೇಳಿದ್ದರು. ಗಂಡೂ ಗೊತ್ತಾಗಿತ್ತು. ಅವನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾಲೇಜಿನಲ್ಲಿ ಇಂಗ್ಲಿಷ್ ಬರವಣಿಗೆಗೆ ಎರಡು ಕ್ಲಾಸು. ಎ ಸೆಕ್ಷನ್ನು ಕಾನ್ವೆಂಟಿನಿಂದ ಬಂದವರದು. ಬಿ ಸೆಕ್ಷನ್ನಿನಲ್ಲಿ ಕನ್ನಡದಲ್ಲಿ ಓದಿ ಬಂದವರಿಗೆ ವಾಕ್ಯ ಕಟ್ಟುವುದರಿಂದ ಕಲಿಸುತ್ತಿದ್ದರು. ನನಗೆ ಬೇಕಿದ್ದದ್ದು ಅದೇ. ಹೈಸ್ಕೂಲಿನಲ್ಲಿ ಹಸು, ಪೋಸ್ಟ್‌ಮ್ಯಾನ್, ದೀಪಾವಳಿ ಎಲ್ಲವನ್ನೂ ಉರು ಹೊಡೆದು ಪಾಸಾದವಳು ನಾನು. ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತಿತ್ತು, ಸ್ವಂತಕ್ಕೆ ಬರೆ ಎಂದರೆ ಕೈ ಏಳುತ್ತಿರಲಿಲ್ಲ.

ಸೆಕ್ಷನ್ ಹಂಚಲು ಕೂತಿದ್ದ ಮೇಡಂ ದೊಡ್ಡಪ್ಪನ ರುಮಾಲು ನೋಡಿ ಮೂಗು ಮುರಿದರು. ಆಡಿದ್ದೆಲ್ಲ ಇಂಗ್ಲಿಷೇ. ಅದರಲ್ಲಿ 'ಬಿ' ಎಂದದ್ದು ಮಾತ್ರ ದೊಡ್ಡಪ್ಪನಿಗೆ ಗೊತ್ತಾಯಿತು.

"ನಮ್ಮನೆ ಹುಡುಗಿ ಎರಡನೇ ಸಾಲಲ್ಲಿ ಕೂರಲ್ಲ. ಎ-ಗೇ ಹಾಕಿ" ಎಂದರು. ಊರಿನ ಪಂಚಾಯ್ತಿಯಲ್ಲಿ, ಊಟದ ಪಂಕ್ತಿಯಲ್ಲಿ ಮೊದಲ ಜಾಗ ನಮ್ಮದು. ಕ್ಲಾಸನ್ನೂ ಹಾಗೇ ತಿಳಿದರು ಪುಣ್ಯಾತ್ಮರು.

ಮೇಡಂ ಮತ್ತೆ ಇಂಗ್ಲಿಷಿನಲ್ಲಿ ಒದರಿದರು.

"ಏನಂತೆ ಈಯಮ್ಮಂದು?" ದೊಡ್ಡಪ್ಪ ನನ್ನನ್ನು ಕೇಳಿದರು.

"ನಂಗೆ ಸ್ವಂತಕ್ಕೆ ಒಂದು ವಾಕ್ಯಾನೂ ಬರೆಯಕ್ಕೆ ಬರಲ್ವಂತೆ. ಎ-ಗೆ ಹಾಕಿದ್ರೆ ಫೇಲಾಗ್ತೀನಂತೆ. ಅದು ನಿಜ, ದೊಡ್ಡಪ್ಪ."

"ಬರಲ್ಲ ಅಂದ್ಮೇಲೆ ಓದಿ ಏನ್ ಕಡಿದು ಕಟ್ಟೆ ಹಾಕ್ತೀಯ? ಎದ್ದೇಳು, ಮನೆಗೆ ಹೋಗಣ."

ನಾನು ಏಳಲಿಲ್ಲ. ಬೆಂಚನ್ನು ಗಟ್ಟಿಯಾಗಿ ಹಿಡಿದು ಕೂತೆ. "ನಾನು ಬರಲ್ಲ. ಬಿ-ಲೇ ಓದ್ತೀನಿ" ಎಂದೆ. ದೊಡ್ಡಪ್ಪನಿಗೆ ಎದುರಾಡಿದ್ದು ಅದೇ ಮೊದಲು. ಅವರ ಕೈ ಮೇಲೆದ್ದಿತು.

"ಮುಟ್ಟಬೇಡಿ ಯಜಮಾನ್ರೇ" ಎಂದರು ಮೇಡಂ, ಅಚ್ಚ ಕನ್ನಡದಲ್ಲಿ. "ಬಿ-ಗೆ ಹಾಕಿದೀನಿ. ನೀವಿನ್ನು ಹೊರಡಬಹುದು."

ದೊಡ್ಡಪ್ಪ ಹೆಗಲ ಟವೆಲ್ ಕೊಡವಿ ಎದ್ದು ಹೋದರು. ದೊಡ್ಡ ಉಪಕಾರ ಮಾಡಿದವರ ಹಾಗೆ ಮೇಡಂ ನನ್ನತ್ತ ನೋಡಿದರು. ನನಗೆ ಉರಿದುಹೋಯಿತು. ಅಷ್ಟು ಚೆನ್ನಾಗಿ ಕನ್ನಡ ಬರುತ್ತಿದ್ದವರು, ನನ್ನ ದಡ್ಡತನವನ್ನು ನನ್ನ ಬಾಯಿಂದಲೇ ಮನೆಯವರಿಗೆ ಹೇಳಿಸಿದ್ದರು. ಬಿ ಸೆಕ್ಷನ್ನಿಗೆ ಪಾಠ ಮಾಡುತ್ತಿದ್ದವರೂ ಅವರೇ. ಅವರ ಕ್ಲಾಸಿನಲ್ಲೇ ಕೂತು ಬರೆಯುವುದು ಕಲಿತೆ, ಪಾಸಾದೆ, ಆ ಮದುವೆಯಿಂದ ತಪ್ಪಿಸಿಕೊಂಡೆ. ಅವರಿಗೆ ಮಾತ್ರ ಒಂದು ದಿನವೂ ನಮಸ್ಕಾರ ಹೇಳಲಿಲ್ಲ.