ಲಾವಣ್ಯ ಸಾಕಿದ ಹುಳು

ಕೊರೊನಾ ಮುಗಿದು ಶಾಲೆಗಳು ಪೂರ್ತಿಯಾಗಿ ಬಾಗಿಲು ತೆರೆದ ವರ್ಷ. ನಾನು ಕೂಟಗಲ್ ಹೋಬಳಿಯ ಒಂದು ಚಿಕ್ಕ ಪರ್ಯಾಯ ಶಾಲೆಯಲ್ಲಿ ದೊಡ್ಡ ಮಕ್ಕಳ ಗುಂಪಿನ ಶಿಕ್ಷಕಿಯಾಗಿದ್ದೆ. ನಮ್ಮಲ್ಲಿ ಗಂಟೆ, ಪರೀಕ್ಷೆ, ರ‍್ಯಾಂಕು ಯಾವುದೂ ಇರಲಿಲ್ಲ. ಪ್ರತಿ ಮಗುವೂ ತನಗೆ ಬೇಕಾದ ಒಂದು ವಿಷಯ ಆರಿಸಿಕೊಂಡು ವಾರಗಟ್ಟಲೆ ಅದರ ಬೆನ್ನು ಹತ್ತುತ್ತಿತ್ತು. ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಿದ್ದೆವು. ಮಗು ಪ್ರಶ್ನೆ ಕೇಳಿದರೆ ಥಟ್ಟನೆ ಉತ್ತರ ಕೊಡುವಂತಿಲ್ಲ, ಜೊತೆಯಲ್ಲಿ ಕೂತು ಹುಡುಕಬೇಕು. ಸುಳ್ಳನ್ನಂತೂ ಹೇಳಲೇಕೂಡದು. “ಇದೇನ್ ಇಸ್ಕೂಲೋ, ಆಟದ ಮನೆಯೋ” ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಮಕ್ಕಳು ಮಾತ್ರ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಹನ್ನೊಂದು ವರ್ಷದ ಲಾವಣ್ಯ ಬಂದರೂ ಬಾರದಂತಿದ್ದಳು. ಎರಡನೇ ಅಲೆಯಲ್ಲಿ ಅವಳ ಅಪ್ಪ ತೀರಿಕೊಂಡಿದ್ದರು. ಮೊದಲು ಜ್ವರ ಬಂದು ಮಲಗಿದವಳು ಇವಳು. ಇವಳು ಎದ್ದು ಕೂತಳು, ಅಪ್ಪ ಏಳಲಿಲ್ಲ. ತನ್ನಿಂದಲೇ ಅಪ್ಪ ಹೋದರೆಂದು ಆ ಮಗು ತೀರ್ಮಾನಿಸಿಬಿಟ್ಟಿತ್ತು. ಯಾರು ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆಗೆ ಅಂದಿನಿಂದ ಬೀಗ.

ಅಂಥವಳು ಒಂದು ಬೆಳಿಗ್ಗೆ ನನ್ನ ಸೆರಗು ಜಗ್ಗಿದಳು. “ಅಕ್ಕ, ನಾನು ಉಳ ಸಾಕ್ತೀನಿ. ಅಪ್ಪ ಸಾಕ್ತಿದ್ದಂಗೇ.”

ಶಾಲೆಯ ಹಳೆಯ ಉಗ್ರಾಣ ಬಿಟ್ಟುಕೊಟ್ಟೆವು. ಮರಿಹುಳು ಬಂದದ್ದೇ ತಡ, ಹುಡುಗಿ ಯಜಮಾನಿಯಾಗಿಬಿಟ್ಟಳು. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ. ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು, ಕಸ ತೆಗೆಯುವುದು ಎಲ್ಲಕ್ಕೂ ಅವಳದೇ ಅಪ್ಪಣೆ. ಚಿಕ್ಕ ಮಕ್ಕಳೂ ನೋಡಲಿ ಎಂದು ಅವರ ಕ್ಲಾಸಿಗೆ ಒಂದು ಡಬ್ಬದಲ್ಲಿ ಒಂದಿಷ್ಟು ಹುಳು ಹಾಕಿಕೊಟ್ಟಳು. ಒಂದು ದಿನ ನನ್ನನ್ನೇ ತಡೆದಳು. “ಮಕಕ್ಕೆ ಪೌಡರ್ ಆಕ್ಕೊಂಡ್ ಬಂದಿದ್ದೀರ ಅಕ್ಕ. ಆಚೆ ನಿಂತ್ಕಳಿ.” ಅರವತ್ತು ಸಮೀಪಿಸಿದ್ದ ನಾನು ಹೋಮ್‌ವರ್ಕ್ ಮಾಡದವಳಂತೆ ಆಚೆ ನಿಂತೆ. ಎಷ್ಟು ಸಂತೋಷವಾಯಿತು ಅಂತೀರಿ!

ಅವಳ ತಾಯಿ ಮಂಜುಳ ದಿನಾ ಬಂದು ಕಿಟಕಿಯಿಂದ ನೋಡಿ ಹೋಗುತ್ತಿದ್ದಳು. “ಮೇಡಂ, ಇವ್ಳ್ ಕೈಲಿ ಉಳ ಗೂಡು ಕಟ್ಟುದ್ರೆ ನಾನೂ ಮನೇಲಿ ಬೀಗ ತೆಗೀತೀನಿ. ಇಲ್ದಿದ್ರೆ ಬಿಡದಿಗೆ ಓಯ್ತೀವಿ. ಅಲ್ಲೊಂದು ಫ್ಯಾಕ್ಟ್ರಿ ಕ್ಯಾಂಟೀನಲ್ಲಿ ಕೆಲ್ಸ ಐತೆ” ಎಂದಳು. ಲಾವಣ್ಯ ಪಕ್ಕದಲ್ಲೇ ಇದ್ದಳು. ಅಂದಿನಿಂದ ಊಟಕ್ಕೆ ಕರೆದರೂ ಉಗ್ರಾಣ ಬಿಟ್ಟು ಕದಲುತ್ತಿರಲಿಲ್ಲ.

ಹುಳು ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದನ್ನು ನಮ್ಮ ಕಡೆ ಹಣ್ಣಾಗುವುದು ಎನ್ನುತ್ತಾರೆ. ಅವು ಹಣ್ಣಾಗತೊಡಗಿದ ದಿನ ಅವಳ ಅಪ್ಪ ಗಂಧದಕಡ್ಡಿ ಹಚ್ಚಿ ಕೈಮುಗಿಯುತ್ತಿದ್ದರಂತೆ. ಅವಳೂ ಮನೆಯಿಂದ ಕಡ್ಡಿ ತಂದು, ಶಾಲೆ ಬಿಡುವ ಹೊತ್ತಿಗೆ ಉಗ್ರಾಣದೊಳಗೆ ಹಚ್ಚಿ, ಕೈಮುಗಿದು, ಬಾಗಿಲು ಮುಚ್ಚಿಕೊಂಡು ಹೋದಳು.

ಬೆಳಿಗ್ಗೆ ನೋಡಿದರೆ ಹುಳುಗಳೆಲ್ಲ ಹಸಿರು ನೀರು ಕಾರುತ್ತಾ ಹೊರಳಾಡುತ್ತಿದ್ದವು. ಅರ್ಧ ಆಗಲೇ ಸತ್ತಿದ್ದವು. ಅಯ್ಯೋ, ಆ ಮಗುವಿನ ಮುಖ ನೋಡಲಾಗಲಿಲ್ಲ ನನಗೆ.

ಓಡಿಬಂದ ಮಂಜುಳ ಉಳಿದಿದ್ದ ಕಡ್ಡಿಯ ತುಂಡು ಮೂಸಿ ನೋಡಿ ನನ್ನನ್ನು ನೀರಿನ ಟ್ಯಾಂಕಿನ ಮರೆಗೆ ಎಳೆದೊಯ್ದಳು. “ಇದು ಪೂಜೆ ಕಡ್ಡಿ ಅಲ್ಲ ಮೇಡಂ, ಸೊಳ್ಳೆ ಕಡ್ಡಿ. ರಾತ್ರಿ ಹಚ್ಚಕ್ಕೆ ನಾನ್ ತಂದಿಟ್ಟಿದ್ದು. ಅವ್ರಪ್ಪ ಮಾಮೂಲಿ ಕಡ್ಡೀನೂ ಬಾಗ್ಲಾಚೆ ಸಿಗಿಸ್ತಿದ್ರು, ಒಳಿಕ್ ತರ್ತಿರ್ಲಿಲ್ಲ.” ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. “ಅವ್ಳಿಗೆ ಏಳ್ಬ್ಯಾಡಿ. ಅಪ್ಪನ್ನೂ ನಾನೇ ಸಾಯ್ಸ್‌ಬುಟ್ಟೆ ಅಂತವ್ಳೆ. ಇದೂ ಸೇರ್ಕಂಡ್ರೆ ಮಗೀನ ಎಂಗ್ ಉಳಿಸ್ಕಳ್ಳಿ?”

ನಾವು ಹಿಂತಿರುಗಿದಾಗ ಲಾವಣ್ಯ ಕೇಳಿದ್ದು ಒಂದೇ ಮಾತು. “ಅಕ್ಕ, ಯಾಕ್ ಸತ್ವು?”

ಮಂಜುಳಳೇ ಹೇಳಿದಳು: “ಪಕ್ಕದ್ ಟೊಮೆಟೊ ಒಲಕ್ಕೆ ಔಷ್ದಿ ಒಡ್ದವ್ರೆ ಕಣವ್ವ. ಗಾಳೀಲಿ ಬಂದು ಸೊಪ್ಪಿನ್ ಮ್ಯಾಲೆ ಬಿದ್ದೈತೆ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಮಕ್ಕಳೆಲ್ಲ ಸೇರಿ ಹೊಂಗೆಮರದ ಕೆಳಗೆ ಗುಂಡಿ ತೋಡಿ ಹುಳುಗಳನ್ನು ಮಣ್ಣು ಮಾಡಿದರು.

ತಾಯಿ ಮಗಳು ಬಿಡದಿಗೆ ಹೊರಟೇಬಿಟ್ಟರು. ಹೋಗುವ ದಿನ ಮಂಜುಳ ರಸ್ತೆಯಲ್ಲಿ ಆಟೋ ನಿಲ್ಲಿಸಿಕೊಂಡಿದ್ದಳು. ಲಾವಣ್ಯ ಒಬ್ಬಳೇ ಒಳಗೆ ಬಂದು ನನ್ನ ಹತ್ತಿರ ನಿಂತಳು.

“ಅಕ್ಕ, ಚಿಕ್ಕೋರ್ ಕ್ಲಾಸಿಗೆ ಒಂದ್ ಡಬ್ಬದಲ್ಲಿ ಒಸಿ ಉಳ ಕೊಟ್ಟಿದ್ನಲ್ಲ, ಅವೂ ಅದೇ ಸೊಪ್ಪು ತಿಂದಿದ್ವು. ಓಗ್ ನೋಡಿ, ಎಲ್ಲಾ ಗೂಡು ಕಟ್ಟವೆ.”

ಎರಡನ್ನು ಪಕ್ಕಪಕ್ಕ ಇಟ್ಟು ನೋಡು, ಯಾವುದು ಬೇರೆಯಾಗಿದೆಯೋ ಕಾರಣ ಅಲ್ಲೇ ಹುಡುಕು ಎಂದು ಅವಳಿಗೆ ಕಲಿಸಿದವಳು ನಾನೇ.

“ಸೊಪ್ಪಲ್ಲ ಅಕ್ಕ. ನಾನ್ ಹಚ್ಚಿದ್ ಕಡ್ಡಿ.”

ಬಾಚಿ ತಬ್ಬಿಕೊಂಡೆ. “ನಿಂದೇನೂ ತಪ್ಪಿಲ್ಲ ಕಣೇ ಮಗಳೇ. ಹುಳ ಸತ್ತಿದ್ದರಲ್ಲೂ ಇಲ್ಲ, ಅಪ್ಪ ಹೋದದ್ದರಲ್ಲೂ ಇಲ್ಲ” ಎಂದೆ. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಬಿಡಿಸಿಕೊಂಡು ಕಣ್ಣೊರೆಸಿಕೊಂಡಳು.

“ಅಮ್ಮಂಗೆ ಏಳ್ಬ್ಯಾಡಿ. ನಂಗೆ ಗೊತ್ತಿಲ್ಲ ಅಂತ ಅಂದ್ಕಂಡವ್ಳೆ. ಅದ್ಕೇ ಒಸಿ ಸಮಾಧಾನ್ವಾಗವ್ಳೆ.”

ಆಮೇಲೆ ಆಟೋ ಹತ್ತಿ ಅಮ್ಮನ ತೊಡೆಗೆ ಆತುಕೊಂಡು ಕೂತಳು.

ನಾನು ಈಗ ನಿವೃತ್ತಳು. ಆಗಾಗ ಹೊಸ ಶಿಕ್ಷಕರ ತರಬೇತಿಗೆ ಕರೆಯುತ್ತಾರೆ. ಮಗುವಿಗೆ ಕಹಿ ಸತ್ಯ ಹೇಳಬಹುದೇ, ಅದು ತಡೆದುಕೊಳ್ಳುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳಿಬಿಡಿ ಎನ್ನುತ್ತೇನೆ. ಹೇಳದಿದ್ದರೂ ಮಗು ಅದನ್ನು ಕಂಡುಕೊಳ್ಳುತ್ತದೆ. ಆಗ ಪಕ್ಕದಲ್ಲಿ ಕೂತು ಅಳಲು ಅದಕ್ಕೆ ಯಾರೂ ಇರುವುದಿಲ್ಲ.