ಎಂಟು ಒತ್ತಿದವರ ಬಾಯಿ ಮುಚ್ಚಿಸಿದ್ದು

ಕಳೆದ ಶನಿವಾರ ಬೆಳಿಗ್ಗೆ ನನ್ನದು ಮಾಮೂಲಿ ದಿನಚರಿ. ಉಪ್ಪಿಟ್ಟಿಗೆ ರವೆ ಹುರಿದೆ. ಬಾಲ್ಕನಿಯ ಕರಿಬೇವಿಗೆ ನೀರು ಹಾಕಿದೆ. ಕಾಫಿ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತೆ. ಆಮೇಲೆ ಒಂದಷ್ಟು ಜಪಾನೀಯರ ಬಾಯಿ ಮುಚ್ಚಿಸಿದೆ.

ಹೇಳುತ್ತೇನೆ, ತಾಳಿ.

ಹೈಸ್ಕೂಲಿನಲ್ಲಿರುವ ಮಗಳು ದಿಯಾ ಕೊನ್ನಕ್ಕೋಲು ಕಲಿಯುತ್ತಾಳೆ (ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ವಿದ್ಯೆ). ಶನಿವಾರ ಲೈವ್‌ಸ್ಟ್ರೀಮ್ ಮಾಡುತ್ತಾಳೆ. ನಮ್ಮ ಸ್ಯಾನ್ ಡಿಯೇಗೋದ ಕನ್ನಡದವರು ನೋಡಿಯಾರು ಅಂದುಕೊಂಡಿದ್ದೆವು. ನೋಡುವವರು ಜಪಾನಿನವರು! ನಮಗೆ ತಿಂಡಿಯ ಹೊತ್ತು, ಅವರಿಗೆ ಮಲಗುವ ಹೊತ್ತು.

ಚಾಟ್ ಕಾಯುವ ಮಾಡರೇಟರ್ ಹುದ್ದೆ ನನ್ನದು. ಕಾನ್ವೆಂಟಿನಲ್ಲಿ ಕ್ಲಾಸ್ ಲೀಡರ್ ಆಗಿದ್ದವಳಲ್ಲವೇ? ಗಲಾಟೆ ಮಾಡಿದವರನ್ನು ಹಿಡಿಯುವುದು ಇನ್ನೂ ಕೈ ಬಿಟ್ಟಿಲ್ಲ.

ಅವತ್ತು ದಿಯಾ ಒಂದು ಉದ್ದನೆಯ ಮುಕ್ತಾಯಕ್ಕೆ ಕೈ ಹಾಕಿದ್ದಳು. ವಾರಗಟ್ಟಲೆ ಅದರಲ್ಲಿ ಎಡವಿದ್ದಳು. ಈ ಸಲ ಉಸಿರು ಬಿಡದೆ ನುಡಿಸಿ, ತಾಳಕ್ಕೆ ಸರಿಯಾಗಿ ತಂದು ನಿಲ್ಲಿಸಿದಳು. ಅದೇ ಕ್ಷಣಕ್ಕೆ ಚಾಟಿನಲ್ಲಿ 888888. ಕೆಳಗೆ ಇನ್ನೊಬ್ಬರ 8888. ಸಾಲು ಸಾಲು ಎಂಟು. ಸ್ಪ್ಯಾಮ್! ಬ್ಲಾಕ್, ಬ್ಲಾಕ್, ಬ್ಲಾಕ್. (ಬ್ಲಾಕ್ ಆದವರು ನೋಡಬಹುದು, ಬರೆಯುವಂತಿಲ್ಲ.) ಬರೆದದ್ದನ್ನೂ ಅಳಿಸಿದೆ.

ದಿಯಾ ಸ್ಕ್ರೀನ್ ನೋಡಿದಳು. ಖಾಲಿ. ತಾಳ ಹಾಕುತ್ತಿದ್ದ ಅಂಗೈ ತೊಡೆಯ ಮೇಲೇ ಉಳಿಯಿತು. ಮೈಕ್ ಮ್ಯೂಟ್ ಮಾಡಿ, ಅಷ್ಟು ಕೆಟ್ಟದಾಗಿತ್ತಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಪುಟ್ಟಿ, ಯಾರೋ ಸುಮ್ಮನೆ ಎಂಟು ಒತ್ತುತ್ತಿದ್ದರು, ಕ್ಲೀನ್ ಮಾಡಿದೆ ಅಂತ ಹೆಮ್ಮೆಯಿಂದಲೇ ಹೇಳಿದೆ.

"ಅಮ್ಮಾ, ದೇ ವರ್ ಕ್ಲ್ಯಾಪಿಂಗ್."

ಜಪಾನಿನಲ್ಲಿ ಎಂಟಕ್ಕೆ ಹಚಿ ಅನ್ನುತ್ತಾರಂತೆ. ಚಪ್ಪಾಳೆಯ ಸದ್ದು ಅವರ ಕಿವಿಗೆ ಪಚಿ ಪಚಿ. ಹಾಗಾಗಿ ಸಾಲು ಎಂಟು ಅಂದರೆ ಚಪ್ಪಾಳೆ. ಮನೆಯವರಿಗೆ ಎಚ್ಚರವಾಗದ ಹಾಗೆ, ಹಾಸಿಗೆಯಲ್ಲೇ ಬೆರಳಿನಿಂದ ತಟ್ಟಿದ್ದು. ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತೂ ಎರಡು ಕೈ ಸೇರಿಸದವರು ನಾವು. ಹಾಗೆ ತಟ್ಟಿದವರನ್ನು ನಾನು ಹೊರಗೆ ಹಾಕಿದ್ದೆ!

ಇಬ್ಬರೂ ಕೂತು ಜಪಾನಿ ಅಕ್ಷರದ ಹೆಸರುಗಳನ್ನೆಲ್ಲ ಹುಡುಕಿ ಬ್ಲಾಕ್ ತೆಗೆದೆವು. ದಿಯಾ ನನ್ನನ್ನು ಕ್ಯಾಮೆರಾ ಮುಂದೆ ಎಳೆದಳು. ಕೈ ಮುಗಿದು ಸಾರಿ ಕೇಳಿದೆ. ಚಾಟ್ ತುಂಬ wwww. ಅದು ನಗು. ಹುಲ್ಲು ಬೆಳೆದ ಹಾಗೆ ಕಾಣುತ್ತದೆಂದು ಕೆಲವರು ಹುಲ್ಲು ಎಂದಷ್ಟೇ ಬರೆಯುತ್ತಾರಂತೆ. ನನ್ನಿಂದಾಗಿ ಒಂದು ಗೋಮಾಳವೇ ಬೆಳೆಯಿತು.

ದಿಯಾ ಮುಕ್ತಾಯವನ್ನು ಮತ್ತೆ ನುಡಿಸಿದಳು. ಮತ್ತೆ ಬಂದೀತೇ ಅಂತ ನನಗೇ ಪುಕಪುಕ. ಬಂತು. ಎಂಟುಗಳೂ ಬಂದವು. ನಾನು ಮೌಸ್ ಮುಟ್ಟಲಿಲ್ಲ.

ಸಂಜೆ ಪಕ್ಕದ ಮನೆಯ ಧಾರವಾಡದ ಗಿರಿಜಕ್ಕ ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಹೀರೇಕಾಯಿ ಕೊಡಲು ಬಂದರು. ಬೆಳಿಗ್ಗೆ ಅಲ್ಲಿಗೆ ಹೋಗುವಾಗ ಅವರ ಯಜಮಾನರು ಡ್ರೈವ್ ಮಾಡುತ್ತಿದ್ದರೆ ಇವರು ದಿಯಾಳದ್ದು ಫೋನಿನಲ್ಲಿ ಪೂರ್ತಿ ನೋಡಿದರಂತೆ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಅಂದರು:

"ಎಲ್ಲಾರೂ ಎಂಟು ಹಾಕ್ಲಿಕ್ಕತ್ತಾರಲ್ಲಾ ಅಂತ ನಾನೂ ನಾಕ್ ಎಂಟು ಹಾಕಿದ್ದೆ ನೋಡ್ರಿ. ಜಪಾನಿನವ್ರನ್ನೆಲ್ಲಾ ಒಳಗ ಕರಕೊಂಡ್ರಿ, ನನ್ನ ಯಾಕ ಇನ್ನೂ ಹೊರಗ ನಿಲ್ಲಿಸೀರಿ?"