ಚೀಟಿ ಎತ್ತಿದ ಕ್ರಿಸ್ಮಸ್

ನಮ್ಮ ಮನೆಯ ಕ್ರಿಸ್ಮಸ್ ಉಡುಗೊರೆಗಳ ಪದ್ಧತಿಗೆ ಕೊನೆ ಹಾಡಿದವಳು ಎಪ್ಪತ್ತೆಂಟು ವರ್ಷದ ನನ್ನ ಅಮ್ಮ. ಆ ವರ್ಷ ನವೆಂಬರಿನಲ್ಲಿ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಅದಾದ ಮೇಲೆ ಅವಳು ಮನೆಯಲ್ಲಿರುವ ಎಲ್ಲವನ್ನೂ ಹೊಸದಾಗಿ ನೋಡತೊಡಗಿದ್ದಳು. ಗೋಡೆಯ ಮೂಲೆಯ ಜೇಡರಬಲೆ, ನನ್ನ ಕೆನ್ನೆಯ ಮೇಲಿನ ಕಪ್ಪು ಕಲೆ, ಅಳಿಯನ ಅಂಗಿಯ ಕಾಲರಿನ ಕೊಳೆ, ಒಂದೂ ಅವಳಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ನಾವು ಮೂವರು ಮಕ್ಕಳು. ಅಣ್ಣ ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ತಂಗಿ ಮದುವೆಯಾಗಿ ಹೋದದ್ದು ಮಾಲೂರಿಗೆ. ನಡುವಿನವಳಾದ ನಾನು ಕೋಲಾರದಲ್ಲೇ ಉಳಿದೆ, ಅಮ್ಮನೂ ನನ್ನ ಜೊತೆಗೇ. ಹಾಗಾಗಿ ಕ್ರಿಸ್ಮಸ್ ದಿನ ಬೆಳಗಿನ ಆರಾಧನೆ ಮುಗಿಸಿ ಎಲ್ಲರೂ ಬಂದು ಸೇರುವುದು ನಮ್ಮ ಮನೆಗೆ.

ಚಿಕ್ಕವರಿದ್ದಾಗ ನಮಗೆ ಉಡುಗೊರೆ ಎಂದರೆ ಅಪ್ಪ ತರುತ್ತಿದ್ದ ಒಂದು ತುಂಡು ಬಟ್ಟೆ. ಅದರಲ್ಲೇ ದರ್ಜಿ ಅಣ್ಣನಿಗೊಂದು ಅಂಗಿ, ನಮ್ಮಿಬ್ಬರಿಗೆ ಎರಡು ಲಂಗ ಹೊಲಿಯುತ್ತಿದ್ದ. ಒಂದೇ ಹೂವಿನ ಬಟ್ಟೆ ತೊಟ್ಟು ಚರ್ಚಿನ ಬೆಂಚಿನಲ್ಲಿ ಮೂವರೂ ಸಾಲಾಗಿ ಕೂತಿರುತ್ತಿದ್ದೆವು. ಹುಡುಗಿಯರ ಹೂವಿನ ಅಂಗಿ ಹಾಕಿಕೊಂಡಿದ್ದಾನೆ ಎಂದು ಅಣ್ಣನನ್ನು ಗೆಳೆಯರು ರೇಗಿಸುತ್ತಿದ್ದರು.

ಮದುವೆಗಳಾದವು, ಮಕ್ಕಳಾದವು. ಎಲ್ಲರ ಕೈಯಲ್ಲೂ ಸಂಬಳ ಓಡಾಡತೊಡಗಿತು. ಯಾವಾಗ, ಹೇಗೆ ಎಂದು ಗೊತ್ತಾಗದಂತೆ, ಎಲ್ಲರೂ ಎಲ್ಲರಿಗೂ ಕೊಡಬೇಕು ಎಂಬ ನಿಯಮ ಬಂದುಬಿಟ್ಟಿತು. ಅತ್ತಿಗೆಗೆ ಸೀರೆ ಕೊಟ್ಟರೆ ತಂಗಿಗೆ ಅದಕ್ಕಿಂತ ಕಡಿಮೆಯದು ಕೊಡುವಂತಿಲ್ಲ. ಅಣ್ಣನ ಮಕ್ಕಳಿಗೆ ಕೊಟ್ಟದ್ದಕ್ಕೆ ತಂಗಿಯ ಮಗಳಿಗೆ ಕೊಟ್ಟದ್ದು ಸರಿಸಮ ಇರಬೇಕು. ಡಿಸೆಂಬರ್ ಬಂತೆಂದರೆ ನನಗೆ ಇದೇ ಲೆಕ್ಕಾಚಾರ. ನಾನು ಪಾಠ ಮಾಡುವ ಸ್ಕೂಲು ಬಿಟ್ಟ ಮೇಲೆ ಅಂಗಡಿ ಅಂಗಡಿ ಅಲೆದು, ಮನೆಗೆ ಬಂದು ಹೊಳೆಯುವ ಕಾಗದ ಸುತ್ತಿ ಸುತ್ತಿ ಬೆರಳು ನೋಯುತ್ತಿದ್ದವು. ಹಬ್ಬದ ದಿನ ಆ ಕಾಗದವೆಲ್ಲ ಹರಿದು ನಡುಮನೆ ತುಂಬ ಹರಡುತ್ತಿತ್ತು. ಎಲ್ಲರೂ “ಚೆನ್ನಾಗಿದೆ, ಚೆನ್ನಾಗಿದೆ” ಎನ್ನುತ್ತಿದ್ದರು.

ಆ ವರ್ಷ ತಂಗಿ ನನಗೆ ಕೊಟ್ಟ ಪೊಟ್ಟಣ ಬಿಚ್ಚಿದೆ. ಸಾಸಿವೆ ಬಣ್ಣದ ಸೀರೆ. ಸೆರಗು ಬಿಡಿಸುತ್ತಿದ್ದಂತೆ ನನ್ನ ಕೈ ನಿಂತಿತು. ಅದು ಎರಡು ವರ್ಷದ ಹಿಂದೆ ನಾನೇ ಅತ್ತಿಗೆಗೆ ಕೊಟ್ಟ ಸೀರೆ. ಅದರ ಸೆರಗಿಗೆ ಹತ್ತು ಸಂಜೆ ಕೂತು ನಾನೇ ಕುಚ್ಚು ಕಟ್ಟಿದ್ದೆ. ಕೊನೆಗೆ ಮೆರೂನ್ ದಾರ ಸಾಲದೆ ಒಂದೇ ಒಂದು ಕುಚ್ಚನ್ನು ಹಸಿರು ದಾರದಲ್ಲಿ ಮುಗಿಸಿದ್ದೆ. ಆ ಹಸಿರು ಕುಚ್ಚು ಈಗ ನನ್ನ ತೊಡೆಯ ಮೇಲಿತ್ತು. ಕೋಲಾರದಿಂದ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಮಾಲೂರಿಗೆ ಹೋಗಿ, ಸೀರೆ ಮತ್ತೆ ನನ್ನ ಮಡಿಲಿಗೇ ಬಂದಿತ್ತು.

ಹೇಳಬಾರದು ಎಂದುಕೊಂಡೆ. “ಚೆನ್ನಾಗಿದೆ ಕಣೇ” ಎಂದು ತಂಗಿಗೆ ಹೇಳಿ ಸೀರೆ ಮಡಿಸತೊಡಗಿದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ ಬಗ್ಗಿ ನೋಡಿದಳು.

“ಇದು ನೀನು ಕಟ್ಟಿದ ಕುಚ್ಚಲ್ವೇನೇ? ಹಸಿರು ದಾರ ಹಾಕ್ಬೇಡ, ಕಾಣ್ಸುತ್ತೆ ಅಂತ ನಾನೇ ಬಡ್ಕೊಂಡಿದ್ದೆ.”

ಅತ್ತಿಗೆಯ ಮುಖ ಕೆಂಪಾಯಿತು. ತಂಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಅವಳು ಅತ್ತಿಗೆಯತ್ತ ತಿರುಗಿ, “ಅಂದ್ರೆ ನೀವು ನಂಗೆ ಕೊಟ್ಟಿದ್ದು ಇವಳು ಕೊಟ್ಟ ಸೀರೇನಾ?” ಎಂದಳು. “ನೀನೂ ಇಟ್ಕೊಳ್ಳದೆ ಕೊಟ್ಟೆಯಲ್ಲಮ್ಮಾ” ಎಂದರು ಅತ್ತಿಗೆ. ಹಾಗೆಂದವರೇ ನನ್ನತ್ತ ತಿರುಗಿ ಅಳತೊಡಗಿದರು. “ಸೀರೆ ಚೆನ್ನಾಗಿಲ್ಲ ಅಂತಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನ ಬೀರು ತುಂಬ ನೀವೆಲ್ಲ ಕೊಟ್ಟಿರೋವೇ. ನಂಗೆ ಸಾಸಿವೆ ಬಣ್ಣ ಒಪ್ಪಲ್ಲ. ಯಾರಾದ್ರೂ ಉಟ್ಕೊಳ್ಲಿ ಅಂತ ಕೊಟ್ಟೆ. ಕುಚ್ಚು ನೀನೇ ಕಟ್ಟಿದ್ದು ಅಂತ ಯಾರು ಹೇಳಿದ್ರು ನಂಗೆ?”

ಅದು ನಿಜ. ನಾನು ಹೇಳಿರಲಿಲ್ಲ. ಅವರೇ ಕಂಡುಹಿಡಿಯಲಿ ಎಂಬ ಬಿಂಕ ನನಗೆ.

ಅಣ್ಣ ನಗಲು ಹೊರಟು, ಅತ್ತಿಗೆಯ ಮುಖ ನೋಡಿ ನೆಲದ ಮೇಲಿನ ಕಾಗದ ಹೆಕ್ಕತೊಡಗಿದ. ಆಗ ಅಮ್ಮ ಎದ್ದು, ನನ್ನ ಮಗಳನ್ನು ಕರೆದು ತನ್ನ ಟ್ರಂಕನ್ನು ನಡುಮನೆಗೆ ಎಳೆಸಿದಳು. ಮುಚ್ಚಳ ತೆಗೆದು ಒಂದೊಂದೇ ಸಾಮಾನನ್ನು ನೆಲದ ಮೇಲಿಟ್ಟಳು. ನಾಲ್ಕು ಶಾಲು, ಮೂರು ಬಿಸಿನೀರಿನ ಚೀಲ, ಕಾಲು ಒತ್ತುವ ಯಂತ್ರ, ಲೇಬಲ್ಲೂ ಕೀಳದ ಸ್ವೆಟರುಗಳು. ಎಲ್ಲ ನಾವು ಕೊಟ್ಟವು. ಎಲ್ಲವೂ ಹೊಸದಾಗಿಯೇ ಇದ್ದವು.

“ಇವನ್ನೆಲ್ಲ ತಗೊಂಡೋಗಿ. ನಂಗೆ ಎಷ್ಟು ಕಾಲಿದಾವೆ, ಎಷ್ಟು ಹೆಗಲಿದಾವೆ? ಬರೋ ವರ್ಷದಿಂದ ಯಾರೂ ಅಂಗಡಿಗೆ ಹೋಗ್ಕೂಡ್ದು. ಚೀಟಿ ಎತ್ತಿ. ಒಬ್ರಿಗೆ ಒಬ್ರು ಏನಾದ್ರೂ ಮಾಡಿ. ಮಾಡಿ ಅಂದೆ, ಕೊಂಡ್ಕೊಂಡು ಬನ್ನಿ ಅನ್ಲಿಲ್ಲ.”

ಆ ಸಾಸಿವೆ ಸೀರೆಯನ್ನೂ ತಾನೇ ತೆಗೆದುಕೊಂಡಳು. “ಜಗಳ ಬೇಡ, ನಾನು ಉಡ್ತೀನಿ” ಎಂದು ಮರುದಿನವೇ ಉಟ್ಟಳು. ಆ ಬಣ್ಣ ಅವಳಿಗೂ ಒಪ್ಪುತ್ತಿರಲಿಲ್ಲ.

ಮಕ್ಕಳಿಗೆ ಈ ತೀರ್ಮಾನ ಸ್ವಲ್ಪವೂ ಹಿಡಿಸಲಿಲ್ಲ. ಅಣ್ಣನ ಚಿಕ್ಕ ಮಗ, “ಅಜ್ಜಿ ನಮ್ಮ ಹಬ್ಬಾನೇ ಕ್ಯಾನ್ಸಲ್ ಮಾಡಿಬಿಟ್ರು” ಎಂದು ಮುಳಬಾಗಿಲಿನವರೆಗೂ ಕಾರಿನಲ್ಲಿ ಗೊಣಗಿದನಂತೆ. ಆದರೂ ಮುಂದಿನ ವರ್ಷ ನವೆಂಬರಿನಲ್ಲಿ ಎಲ್ಲರೂ ಒಂದು ಭಾನುವಾರ ಸೇರಿ, ಅಕ್ಕಿ ಅಳೆಯುವ ಪಾವಿನಲ್ಲಿ ಹೆಸರು ಬರೆದ ಚೀಟಿಗಳನ್ನು ಹಾಕಿ ಎತ್ತಿದೆವು.

ನನಗೆ ಬಂದದ್ದು ತಂಗಿಯ ಗಂಡನ ಹೆಸರು. ಹತ್ತು ಮಾತಾಡಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯ. ಅವರಿಗೆ ಏನು ಇಷ್ಟವೆಂದು ಇಪ್ಪತ್ತು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ತಿಂಗಳೆಲ್ಲ ಯೋಚಿಸಿ, ನಮ್ಮ ಹಿತ್ತಿಲ ಕರಿಬೇವಿನ ಸಸಿಯೊಂದನ್ನು ಕುಂಡದಲ್ಲಿಟ್ಟು ಬೆಳೆಸಿ ಕೊಟ್ಟೆ. ಅದು ಫೆಬ್ರವರಿಯಲ್ಲಿ ಒಣಗಿಹೋಯಿತು. ಅವರು ಹೇಳಲಿಲ್ಲ, ತಂಗಿ ಹೇಳಿದಳು.

ನನ್ನ ಹೆಸರು ಅತ್ತಿಗೆಗೆ ಬಂದಿತ್ತು. ಹಬ್ಬಕ್ಕೆ ಎರಡು ದಿನ ಮುಂಚೆ ಅವರು ಒಂದು ಚೀಲ ಹಿಡಿದು ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. “ಇದೇ ನನ್ನ ಗಿಫ್ಟು. ನೀನು ಅಡುಗೆಮನೆಗೆ ಕಾಲಿಡ್ಬೇಡ” ಎಂದರು. ಕರ್ಜಿಕಾಯಿ, ಕಜ್ಜಾಯ, ಗುಲಾಬಿ ಹೂವಿನ ಅಚ್ಚಿನ ತಿಂಡಿ ಎಲ್ಲವನ್ನೂ ಅವರೇ ಮಾಡಿದರು. ನಾನು ಬಾಗಿಲಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಮೊದಲ ದಿನ ಮಾತು ಬರೀ ಬೆಲ್ಲದ ಪಾಕದ ಬಗ್ಗೆಯೇ ಇತ್ತು. ಎರಡನೇ ದಿನ, ತಾವು ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಕಂಡರೆ ಎಷ್ಟು ಹೆದರುತ್ತಿದ್ದರು ಎಂದು ಹೇಳಿದರು. ನನ್ನನ್ನು ಕಂಡು ಯಾರಾದರೂ ಹೆದರಬಹುದು ಎಂಬುದೇ ನನಗೆ ತಿಳಿದಿರಲಿಲ್ಲ. ಇಬ್ಬರೂ ನಕ್ಕೆವು. ಆ ಗಲಾಟೆಯಲ್ಲಿ ಒಂದು ಬಾಣಲೆ ಕರ್ಜಿಕಾಯಿ ಸೀದುಹೋಯಿತು.

ಅಮ್ಮನ ಹೆಸರು ಬಂದದ್ದು ಅಣ್ಣನಿಗೆ. ಹಬ್ಬದ ದಿನ ಎಲ್ಲರ ಸರದಿ ಮುಗಿದರೂ ಅವನು ಏನನ್ನೂ ಕೊಡಲಿಲ್ಲ. “ಅಮ್ಮಂದು ನಾಳೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ರೆಡಿ ಆಗಿ” ಎಂದಷ್ಟೇ ಹೇಳಿದ.

ಮರುದಿನ ಅವನು ನಮ್ಮನ್ನೆಲ್ಲ ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಸುಗಟೂರಿನ ಬಸ್ಸು ಹತ್ತಿಸಿದ. ಕಾರಿದ್ದರೂ ಬಸ್ಸೇ ಬೇಕೆಂದ. ಅಮ್ಮ ಬೋರ್ಡು ಓದಿದಳು. ಹೋಗಿ ಕಿಟಕಿಯ ಪಕ್ಕ ಕೂತಳು.

ಅಮ್ಮ ಸರ್ಕಾರಿ ನರ್ಸಾಗಿದ್ದವಳು. ನಾವು ಚಿಕ್ಕವರಿದ್ದಾಗ ಎಂಟು ವರ್ಷ ಅವಳ ಕೆಲಸ ಸುಗಟೂರಿನಲ್ಲಿತ್ತು. ತರಕಾರಿ ಮತ್ತು ಹಿಪ್ಪುನೇರಳೆ ಬೆಳೆಯುವ ಒಬ್ಬ ರೈತರ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಆ ಬೀದಿಯಲ್ಲಿ ಕ್ರಿಸ್ಮಸ್ ಇದ್ದದ್ದು ನಮ್ಮ ಎರಡು ಕೋಣೆಗೆ ಮಾತ್ರ. ಆದರೆ ಅಮ್ಮ ಕರ್ಜಿಕಾಯಿ ಕರಿಯಲು ಕೂತರೆ ಬೀದಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರಂತೆ. ಆ ಮನೆಯೊಡತಿಯನ್ನು ಅಮ್ಮ ಅಕ್ಕ ಎನ್ನುತ್ತಿದ್ದಳು. ಆಕೆಯ ಕೊನೆಯ ಹೆಣ್ಣುಮಗುವಿನ ಹೆರಿಗೆಯನ್ನು ಅದೇ ಮನೆಯಲ್ಲಿ ಮಾಡಿಸಿದವಳು ಅಮ್ಮ. ವರ್ಗವಾಗಿ ಕೋಲಾರಕ್ಕೆ ಬಂದ ಮೇಲೆ ಮೊದಮೊದಲು ಹೋಗಿಬರುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅದು ನಿಂತುಹೋಯಿತು. ಅಮ್ಮ ಒಂದೆರಡು ಸಲ, “ಸುಗಟೂರಿಗೆ ಹೋಗ್ಬೇಕಿತ್ತು” ಎಂದದ್ದುಂಟು. “ಬಿಸಿಲು ಕಡಿಮೆಯಾಗಲಿ”, “ಮಂಡಿನೋವು ಕಡಿಮೆಯಾಗಲಿ” ಎನ್ನುತ್ತ ನಾವೇ ಮುಂದೆ ಹಾಕಿದ್ದೆವು. ಹಾಗೆ ಮುಂದೆ ಹಾಕುತ್ತಲೇ ಮಂಡಿನೋವಿಗೆ ಯಂತ್ರ ಕೊಂಡುತಂದಿದ್ದೆವು. ಊರು ಬಸ್ಸು ಹತ್ತಿದರೆ ಒಂದು ಗಂಟೆಯೂ ಇಲ್ಲ.

ಇಳಿಯುವಾಗ ಅಮ್ಮ ಅಣ್ಣನ ತೋಳು ಹಿಡಿದುಕೊಂಡಳು. “ಅಕ್ಕ ಇದ್ದಾಳೇನೋ?” ಎಂದು ಮೆಲ್ಲಗೆ ಕೇಳಿದಳು.

“ಇದ್ದಾರಮ್ಮ. ಹೋದ ವಾರವೇ ಬಂದು ನೋಡ್ಕೊಂಡು ಹೋಗಿದೀನಿ.”

ಮನೆ ಗುರುತು ಸಿಗದಷ್ಟು ಬದಲಾಗಿತ್ತು. ಹೆಂಚು ಹೋಗಿ ತಾರಸಿ ಬಂದಿತ್ತು. ಜಗಲಿ ಮಾತ್ರ ಹಾಗೇ ಇತ್ತು. ಅದರ ಮೇಲೆ ಒಂದು ಮುದುಕಿ ಕಾಲು ಚಾಚಿ ಕೂತಿತ್ತು. ನಮ್ಮ ಗುಂಪನ್ನು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿಯಿತು. ಅಮ್ಮ ಹತ್ತಿರ ಹೋದ ಕೂಡಲೇ ಬೈಗುಳವೇ ಶುರುವಾಯಿತು.

“ಏಮ್ಮಾ ನರ್ಸಮ್ಮಾ, ಇಪ್ಪುಡು ಗುರ್ತೊಚ್ಚಿನಾನಾ?” ಈಗ ನೆನಪಾದೆನಾ ನಿನಗೆ ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದಿತು. “ನಮ್ಮ ಯಜಮಾನ್ರು ಹೋದಾಗ ಬರ್ಲಿಲ್ಲ. ನೀನು ಹೆರಿಗೆ ಮಾಡ್ಸಿದ ಹುಡ್ಗಿ ಮದ್ವೆಗೂ ಬರ್ಲಿಲ್ಲ. ಸತ್ತೋಗಿದ್ದೀಯ ಅಂದ್ಕೊಂಡೆ ಕಣೇ.”

“ಮಕ್ಕಳು ಕಳಿಸ್ಲಿಲ್ಲಕ್ಕಾ, ಸುಸ್ತಾಗುತ್ತೆ ಅಂತ” ಎಂದು ಅಮ್ಮ ನಮ್ಮ ಮೇಲೆ ಹಾಕಿದಳು.

ಮುದುಕಿ ನಮ್ಮನ್ನೆಲ್ಲ ಒಮ್ಮೆ ಮೇಲಿನಿಂದ ಕೆಳಗೆ ನೋಡಿತು. ಅಮ್ಮ ಜಗಲಿಯ ಮೇಲೆ ಕೂತಾಗ, ಆಕೆ ಅಮ್ಮನ ಮಂಡಿಯ ಮೇಲೆ ಕೈಯಿಟ್ಟು, ನಾವು ಹೊರಡುವವರೆಗೂ ಆ ಕೈ ತೆಗೆಯಲಿಲ್ಲ.

ಅವರೆಕಾಯಿಯ ಕಾಲ. ಹಿಂದಿನ ದಿನವೇ ಸುಲಿದು ನೆನೆಹಾಕಿದ ಕಾಳು ದೊಡ್ಡ ಪಾತ್ರೆಯಲ್ಲಿತ್ತು. ಆ ಮನೆಯ ಸೊಸೆ ಅದನ್ನು ನಮ್ಮ ನಡುವೆ ತಂದಿಟ್ಟು, “ಕೂತ್ಕೊಳ್ರಿ, ಎಲ್ಲಾರೂ ಹಿತಕ್ರಿ. ಹನ್ನೆರಡು ಜನಕ್ಕೆ ನಾನೊಬ್ಳೇ ಎಲ್ಲಿ ಹಿತಕ್ಲಿ?” ಎಂದಳು. ನೆಂದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹೊರಬರುತ್ತದೆ. ಅಣ್ಣನ ಮಗ ಮೊದಲ ಕಾಳನ್ನೇ ತನ್ನಪ್ಪನ ಕನ್ನಡಕಕ್ಕೆ ಹಾರಿಸಿದ. ಆಮೇಲೆ ಮಕ್ಕಳಿಗೆ ಅದೇ ಆಟವಾಯಿತು. ಮಾತಿಲ್ಲದ ತಂಗಿಯ ಗಂಡ ಎಲ್ಲರಿಗಿಂತ ವೇಗವಾಗಿ ಹಿತಕುತ್ತಿದ್ದರು. ತಮ್ಮ ತಾಯಿಯ ಊರು ಟೇಕಲ್ ಎಂದೂ, ರಜದಲ್ಲಿ ಅಜ್ಜಿಯ ಜೊತೆ ಕೂತು ಕುಕ್ಕೆಗಟ್ಟಲೆ ಹಿತಕುತ್ತಿದ್ದೆನೆಂದೂ ಅವರಾಗಿಯೇ ಹೇಳಿದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮಧ್ಯಾಹ್ನ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ನಾವು ಒಯ್ದಿದ್ದ ಕರ್ಜಿಕಾಯಿಯ ಡಬ್ಬಿ ಬೀದಿಯ ಮನೆಮನೆಗೂ ಹೋಗಿ ಖಾಲಿಯಾಗಿ ಬಂತು.

ಅಂದಿನಿಂದ ಹಬ್ಬದ ಮರುದಿನ ಸುಗಟೂರು ಎಂಬುದು ನಮ್ಮ ಮನೆಯ ಪದ್ಧತಿ. ಚೀಟಿಯ ನಿಯಮವನ್ನು ನಾವು ಅಷ್ಟು ಕಟ್ಟುನಿಟ್ಟಾಗಿ ಉಳಿಸಿಕೊಂಡಿಲ್ಲ. ಮಕ್ಕಳಿಗೆ ಅಣ್ಣ ಕದ್ದು ಏನಾದರೂ ಕೊಂಡುತರುತ್ತಾನೆ, ಅಮ್ಮ ನೋಡಿದರೂ ನೋಡದ ಹಾಗಿರುತ್ತಾಳೆ. ಒಂದು ವರ್ಷ ತಂಗಿ ಚೀಟಿ ಎತ್ತಿದ್ದನ್ನೇ ಮರೆತು ಬರಿಗೈಯಲ್ಲಿ ಬಂದಳು. ತಪ್ಪಿಗೆ ದಂಡವೆಂದು ಆ ದಿನ ಎಲ್ಲರ ಪಾತ್ರೆ ತೊಳೆದಳು.

ಕಳೆದ ಕ್ರಿಸ್ಮಸ್‌ಗೆ ಅಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತುವುದಿರಲಿ, ಕಾರಿನಲ್ಲಿ ಅಷ್ಟು ದೂರ ಕೂರುವುದೂ ಆಗುತ್ತಿರಲಿಲ್ಲ. ಈ ಸಲ ಬರುವುದಿಲ್ಲ ಎಂದು ಸುಗಟೂರಿಗೆ ಫೋನು ಮಾಡಿ ತಿಳಿಸಿದೆ. ಹಬ್ಬದ ದಿನ ಅಮ್ಮ ಊಟವನ್ನು ಅರ್ಧಕ್ಕೇ ಬಿಟ್ಟಳು.

ಮರುದಿನ ಹತ್ತು ಗಂಟೆಗೆ ನಮ್ಮ ಗೇಟಿನ ಮುಂದೆ ಒಂದು ಟೆಂಪೋ ನಿಂತಿತು. ಮುಂದಿನ ಸೀಟಿನಿಂದ ಮಗನ ಹೆಗಲು ಹಿಡಿದು ಸುಗಟೂರಿನ ಅಕ್ಕ ಇಳಿದರು. ಹಿಂದೆ ಸೊಸೆ, ಮೊಮ್ಮಕ್ಕಳು, ಅಮ್ಮ ಹೆರಿಗೆ ಮಾಡಿಸಿದ, ಈಗ ತಲೆ ನರೆತಿರುವ ಆ ಮಗಳು, ಜೊತೆಗೆ ಎರಡು ಮೂಟೆ ಅವರೆಕಾಯಿ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ನೀನು ಬರಾಕಾಗಲ್ಲ ಅಂತ ನಾನೂ ಕೂತ್ಕೊಳ್ಳಾಕಾಗ್ತದಾ?” ಎಂದರು ಅಕ್ಕ. ಒಳಗೆ ಬಂದು ನಡುಮನೆಯ ನಕ್ಷತ್ರದ ದೀಪವನ್ನು ಕುತೂಹಲದಿಂದ ನೋಡಿದರು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಮೂಟೆಯ ಬಾಯಿ ಬಿಚ್ಚಿದರು.

“ಸುಲಿದಿಲ್ಲ, ನೆನ್ಸಿಲ್ಲ, ಹಂಗೇ ತಂದಿದೀವಿ. ಇವತ್ತು ಸುಲ್ದು ನೆನೆಹಾಕಾಣ, ನಾಳೆ ಹಿತಕಾಣ. ಎರಡು ದಿನ ಇಲ್ಲೇ ಇರ್ತೀನಿ.”

“ಎರಡೇ ದಿನಾನಾ?” ಎಂದಳು ಅಮ್ಮ, ಗೋಡೆ ಹಿಡಿದು ಮೆಲ್ಲಗೆ ಅವರ ಪಕ್ಕದಲ್ಲಿ ಕೂರುತ್ತ.